ಟರ್ಕಿ ಕೋಳಿಯೂ ಕೋವಿಯ ಬಾಯಿಯ ಬಿಗಿತವೂ

ನಾಲ್ಕನೆಯ ತರಗತಿಯಲ್ಲಿ ಹಕ್ಕಿಗಳ ಚಿತ್ರಪಟವನ್ನು ಗೋಡೆಗೆ ತೂಗುಹಾಕಿ ಪಾಠ ಮಾಡುತ್ತಿದ್ದ ಒಂದು ದಿನ ಹುಡುಗನೊಬ್ಬನು ಎದ್ದು ನಿಂತು, “ಮಾಷ್ಟ್ರೇ, ಈ ಟರ್ಕಿ ಕೋಳಿ ಟರ್ಕಿ ದೇಶದ್ದೋ?” ಎಂದು ಕೇಳಿದನು. ಹೆಸರೇ ಹಾಗಿರುವಾಗ ಸಂಶಯಕ್ಕೆ ಎಡೆಯೆಲ್ಲಿ ಎಂದು ಭಾವಿಸಿ ನಾನು “ಹೌದು” ಎಂದುಬಿಟ್ಟೆನು. ಸಂಜೆ ಪುಸ್ತಕಗಳನ್ನು ತೆರೆದು ನೋಡಿದಾಗ ನಾನು ಹೇಳಿದ್ದು ತಪ್ಪೆಂದು ತಿಳಿಯಿತು. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಆರಂಭಿಸಿದ ಓದು ಹಕ್ಕಿಯ ಹೆಸರಿನಿಂದ ಅದರ ಬೇಟೆಗೂ, ಬೇಟೆಯಿಂದ ಕೋವಿಗೂ, ಕೋವಿಯಿಂದ ಅದರ ತೋಟಾ ಮತ್ತು ಚರೆಗಳಿಗೂ ನನ್ನನ್ನು ಕೊಂಡೊಯ್ದಿತು. ಒಂದು ಹಕ್ಕಿ ನಾಶದ ಅಂಚಿಗೆ ಹೋಗಿ ಮರಳಿ ಬಂದ ಇತಿಹಾಸ ಅಲ್ಲಿ ದೊರೆಯಿತು. ಅಧ್ಯಾಪಕ ಮಿತ್ರರಿಗೂ ವಿದ್ಯಾರ್ಥಿಗಳಿಗೂ ಅದು ಪ್ರಯೋಜನಕರವಾದೀತೆಂದು ಇಲ್ಲಿ ಬರೆದಿದ್ದೇನೆ.

ಹೆಸರಿನ ಗೊಂದಲ

ಟರ್ಕಿ ಕೋಳಿಯ ತವರು ಉತ್ತರ ಅಮೆರಿಕ. ಮೆಕ್ಸಿಕೊ ದೇಶದ ಮೂಲನಿವಾಸಿಗಳು ಯುರೋಪಿಯನ್ನರು ಬರುವುದಕ್ಕೆ ಎಷ್ಟೋ ಶತಮಾನಗಳ ಮುನ್ನವೇ ಅದನ್ನು ಸಾಕಿದ್ದರು. 16ನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಆಗ ತುರ್ಕಿ ವರ್ತಕರ ಮೂಲಕ ಇಂಗ್ಲೆಂಡಿಗೆ ಬರುತ್ತಿದ್ದ ಆಫ್ರಿಕದ ಗಿನಿ ಕೋಳಿಯೊಡನೆ ಈ ಹೊಸ ಹಕ್ಕಿಯನ್ನು ಜನರು ಗೊಂದಲ ಮಾಡಿಕೊಂಡುದರಿಂದ ಆಂಗ್ಲರು ಅದನ್ನು ಟರ್ಕಿ ಎಂದು ಕರೆದರು. ತುರ್ಕಿಯವರಾದರೋ ಅದು ಹಿಂದೂಸ್ಥಾನದ್ದೆಂದು ತಿಳಿದು ‘ಹಿಂದಿ’ ಎಂದರು. ಫ್ರೆಂಚರ ‘ದ್ಯಾಂದ್’ ಎಂಬ ಹೆಸರಿಗೂ ‘ಭಾರತದ್ದು’ ಎಂದೇ ಮೂಲಾರ್ಥ. ಪೋರ್ಚುಗೀಸರು ಪೆರು ದೇಶದ ಹೆಸರಿಟ್ಟರು. ಇವೆಲ್ಲಕ್ಕಿಂತಲೂ ನಮಗೆ ಸ್ವಾರಸ್ಯವಾದುದು ಡಚ್ಚರ ‘ಕಾಲ್ಕೂನ್’ ಎಂಬ ಹೆಸರು. ಅದರ ಅರ್ಥ ಕಲ್ಲಿಕೋಟೆಯ ಕೋಳಿ! ನಮ್ಮ ಕಾಸರಗೋಡಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ತಲುಪುವ ಊರಿನ ಹೆಸರನ್ನು, ಆ ಊರನ್ನು ಎಂದೂ ಕಾಣದ ಹಕ್ಕಿ ಇಂದಿಗೂ ಹೊತ್ತಿದೆ.

ನಮ್ಮ ದೇಶಕ್ಕೆ ಈ ಹಕ್ಕಿ ಬಂದುದರ ಪ್ರಸಿದ್ಧವಾದ ದಾಖಲೆ ಗೋವೆಗೆ ಸಂಬಂಧಿಸಿದೆ. 1612ರಲ್ಲಿ ಮೊಗಲ್ ಚಕ್ರವರ್ತಿ ಜಹಾಂಗೀರನ ಅಪ್ಪಣೆಯಂತೆ ಗೋವೆಗೆ ಹೋಗಿದ್ದ ಮುಕರ್ರಬ್ ಖಾನನು ಅಲ್ಲಿಂದ ತಂದ ಅಪೂರ್ವ ವಸ್ತುಗಳಲ್ಲಿ ಒಂದು ಟರ್ಕಿ ಕೋಳಿಯೂ ಇದ್ದಿತು. ಅದರ ತಲೆ ಮತ್ತು ಕತ್ತು ಊಸರವಳ್ಳಿಯಂತೆ ಬಣ್ಣ ಬದಲಿಸುವುದನ್ನು ಕಂಡು ಚಕ್ರವರ್ತಿಯು ಬೆರಗಾಗಿ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟನು. ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರನು ರಚಿಸಿದ ಅದರ ಚಿತ್ರ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಜಹಾಂಗೀರನು ಮಹಾ ಬೇಟೆಗಾರನಾಗಿದ್ದರೂ ಈ ಹಕ್ಕಿಯನ್ನು ಕಂಡಾಗ ಅವನು ಕರೆಸಿದುದು ಚಿತ್ರಕಾರನನ್ನು. ಅದರ ತವರಿನಲ್ಲಿ ಮಾತ್ರ ಕಾಡು ಟರ್ಕಿಗೆ ಎದುರಾದುದು ಕೋವಿ.

ಹಕ್ಕಿಯ ಸ್ವಭಾವ

ಕಾಡು ಟರ್ಕಿಯ ಗಂಡು 7ರಿಂದ 11 ಕಿಲೋಗ್ರಾಂ ತೂಗುತ್ತದೆ. ಎದೆಯಿಂದ ಕೂದಲಿನಂತಹ ಗಡ್ಡವೊಂದು ಜೋಲುತ್ತದೆ. ಹಗಲು ನೆಲದ ಮೇಲೆ ಕಾಳು, ಹುಳು, ಮರದ ಬೀಜಗಳನ್ನು ಹೆಕ್ಕಿ ತಿಂದು, ರಾತ್ರಿ ಮರದ ಕೊಂಬೆಯಲ್ಲಿ ಗುಂಪಾಗಿ ಮಲಗುತ್ತದೆ. ಹೆಣ್ಣು ನೆಲದ ಮೇಲೆಯೇ ಗೂಡುಮಾಡಿ ಮೊಟ್ಟೆಯಿಡುತ್ತದೆ. ಅದರ ಕಣ್ಣು ಬಹು ಚುರುಕು. ಪೊದೆಯ ಮರೆಯಲ್ಲಿರುವವನು ಕೈಯನ್ನು ತುಸು ಅಲುಗಿಸಿದರೂ ಸಾಕು, ಓಡಿ ಮರೆಯಾಗುತ್ತದೆ.

ಬೇಟೆಯ ದೃಷ್ಟಿಯಿಂದ ಮುಖ್ಯವಾದುದು ಅದರ ದೇಹರಚನೆ. ರೆಕ್ಕೆಗಳೂ ದಟ್ಟವಾದ ಗರಿಗಳೂ ದಪ್ಪನೆಯ ಎದೆಯ ಮಾಂಸವೂ ಸಣ್ಣ ಚರೆಗಳನ್ನು ಒಳಗಿನ ಮರ್ಮಸ್ಥಾನಕ್ಕೆ ಹೋಗಗೊಡುವುದಿಲ್ಲ. ಮೈಗೆ ಈಡು ತಗಲಿದ ಹಕ್ಕಿ ಬೀಳದೆ ಓಡಿಹೋಗಿ ಎಲ್ಲಿಯೋ ನರಳಿ ಸಾಯುತ್ತದೆ. ಅದನ್ನು ಒಮ್ಮೆಗೇ ಕೊಲ್ಲಬೇಕಾದರೆ ತಲೆಬುರುಡೆಗೆ ಅಥವಾ ಕತ್ತಿನ ಮೂಳೆಗಳಿಗೆ ಚರೆ ತಗಲಬೇಕು. ಅವೆರಡೂ ಸೇರಿ ಕೆಲವೇ ಚದರ ಅಂಗುಲಗಳಷ್ಟು ಜಾಗ. ಅದೂ ಸದಾ ಅಲುಗಾಡುತ್ತಿರುವಂಥದು. ಇಷ್ಟು ದೊಡ್ಡ ಹಕ್ಕಿಯಲ್ಲಿ ಇಷ್ಟು ಸಣ್ಣ ಗುರಿ! ಟರ್ಕಿ ಬೇಟೆಯ ಕೋವಿಯ ಇತಿಹಾಸವೆಲ್ಲ ಈ ಒಂದು ಕಷ್ಟದ ಸುತ್ತ ಬೆಳೆದಿದೆ.

ಚರೆಯ ಕಥೆ

ಚರೆ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ಅದರಿಂದ ಒಂಟಿ ಗುಂಡಿನ ಬದಲು ನೂರಾರು ಸೀಸದ ಚರೆಗಳು ಒಟ್ಟಿಗೆ ಹೊರಟು, ಮುಂದೆ ಹೋದಂತೆ ಹರಡಿಕೊಳ್ಳುತ್ತವೆ. ನಮ್ಮ ಕಡೆಯ ಹಿರಿಯರು ಹೇಳುವ ಕೇಪಿನ ಕೋವಿಯ ಕಥೆಗಳನ್ನು ಕೇಳಿದವರಿಗೆ ಇದು ಹೊಸದಲ್ಲ. ಮದ್ದನ್ನೂ ಚರೆಯನ್ನೂ ಬಾಯಿಯಿಂದಲೇ ತುಂಬಿ, ಗಜದ ಕೋಲಿನಿಂದ ಜಡಿದು ಈಡು ಹೊಡೆಯುತ್ತಿದ್ದ ಕಾಲ ಅದು. ಅಮೆರಿಕದ ಹಳೆಯ ಬೇಟೆಗಾರರ ಕೋವಿಯೂ ಅಂತಹುದೇ.

ಮೊದಮೊದಲು ಸೀಸದ ತಗಡನ್ನು ಸಣ್ಣಗೆ ಕತ್ತರಿಸಿ ಉರುಳಿಸಿ ಚರೆ ಮಾಡುತ್ತಿದ್ದರು. ಅದು ಸರಿಯಾಗಿ ದುಂಡಗಿರುತ್ತಿರಲಿಲ್ಲ. ಅಂಕುಡೊಂಕಾದ ಚರೆ ಗಾಳಿಯಲ್ಲಿ ದಾರಿ ತಪ್ಪಿ ಪಕ್ಕಕ್ಕೆ ಸರಿಯುತ್ತಿದ್ದಿತು. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬ ಸೀಸದ ಕೆಲಸಗಾರನು ಹೊಸ ವಿಧಾನವೊಂದಕ್ಕೆ ಹಕ್ಕುಪತ್ರ ಪಡೆದನು. ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ಸುರಿದರೆ ಪ್ರತಿಯೊಂದು ಹನಿಯೂ ಬೀಳುವ ದಾರಿಯಲ್ಲಿ ತಾನಾಗಿ ದುಂಡಗಾಗಿ ಗಟ್ಟಿಯಾಗತೊಡಗುತ್ತದೆ. ಕೆಳಗಿರುವ ನೀರಿನ ತೊಟ್ಟಿಯಲ್ಲಿ ಬಿದ್ದು ಪೂರ್ತಿ ತಣಿಯುತ್ತದೆ. ಮಳೆಯ ಹನಿ ದುಂಡಗಾಗುವುದಕ್ಕೆ ಕಾರಣವಾದ ದ್ರವದ ಮೇಲ್ಮೈ ಸೆಳೆತವೇ ಇಲ್ಲಿಯೂ ಕೆಲಸಮಾಡುತ್ತದೆ. ಇದಕ್ಕಾಗಿ ವಾಟ್ಸನು ತನ್ನ ಮನೆಯ ಮೇಲೆಯೇ ಗೋಪುರ ಎಬ್ಬಿಸಿದನು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1828ರಲ್ಲಿ ಕಟ್ಟಿದ ಇಟ್ಟಿಗೆಯ ಚರೆಗೋಪುರ 234 ಅಡಿ ಎತ್ತರವಿದ್ದು, ಇಂದಿಗೂ ನಿಂತಿದೆ.

ಕೋವಿಯ ನಳಿಗೆಯನ್ನು ಅಳೆಯುವ ಕ್ರಮವೂ ಸೀಸದಿಂದಲೇ ಬಂದಿದೆ. ‘12 ಬೋರ್’ ಎಂದರೆ ಆ ನಳಿಗೆಯಲ್ಲಿ ಸರಿಯಾಗಿ ಕೂರುವಂತಹ 12 ಸೀಸದ ಗುಂಡುಗಳು ಸೇರಿದರೆ ಒಂದು ಪೌಂಡು ತೂಕ ಎಂದರ್ಥ. ಅದರ ವ್ಯಾಸ ಸುಮಾರು 18.5 ಮಿಲಿಮೀಟರು. ‘20 ಬೋರ್’ ಎಂದರೆ ಗುಂಡುಗಳ ಸಂಖ್ಯೆ ಹೆಚ್ಚು. ಆದುದರಿಂದ ನಳಿಗೆ ಕಿರಿದು. ಸಂಖ್ಯೆ ಏರಿದಂತೆ ಅಳತೆ ಇಳಿಯುವುದಕ್ಕೆ ಇದೇ ಕಾರಣ.

ಚೋಕ್ ಎಂಬ ಬಿಗಿತ

ನಳಿಗೆ ಉದ್ದಕ್ಕೂ ಒಂದೇ ಅಗಲವಾಗಿದ್ದರೆ ಚರೆಗಳು ಬೇಗನೆ ಚೆದುರುತ್ತವೆ. ನಳಿಗೆಯ ಬಾಯಿಯ ಬಳಿ ಒಳಗಿನ ಅಗಲವನ್ನು ತುಸು ಕಿರಿದುಗೊಳಿಸಿದರೆ ಚರೆಗಳ ಗುಂಪು ಒತ್ತೊತ್ತಾಗಿ ಹೊರಟು ಹೆಚ್ಚು ದೂರದವರೆಗೆ ಕೂಡಿಕೊಂಡೇ ಸಾಗುತ್ತದೆ. ಈ ಬಿಗಿತಕ್ಕೆ ಚೋಕ್ ಎಂದು ಹೆಸರು. ಅಡಕೆತೋಟಕ್ಕೆ ನೀರು ಬಿಡುವ ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು: ನೀರಿನ ವೇಗ ಬಿಗಿತದಿಂದ ಬಹಳ ಹೆಚ್ಚುತ್ತದೆ, ಚರೆಯ ವೇಗದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಚೋಕಿನ ಕೆಲಸ ಹರಡುವಿಕೆಯನ್ನು ತಡೆಯುವುದು.

1866ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವಿಲಿಯಂ ಪೇಪ್ ಎಂಬ ಕೋವಿ ತಯಾರಕನು ಇದಕ್ಕೆ ಹಕ್ಕುಪತ್ರ ಪಡೆದನು. ಅದೇ ಕಾಲದಲ್ಲಿ ಅಮೆರಿಕದವರೂ ಇದೇ ಪ್ರಯತ್ನದಲ್ಲಿದ್ದರು; ಇಲಿನಾಯ್ ಪ್ರಾಂತದ ಬಾತುಕೋಳಿ ಬೇಟೆಗಾರ ಫ್ರೆಡ್ ಕಿಂಬಲ್ ತಾನೇ ಅದನ್ನು ಕಂಡುಹಿಡಿದುದಾಗಿ ಹೇಳಿಕೊಂಡನು. ಜನಪ್ರಿಯಗೊಳಿಸಿದ ಕೀರ್ತಿ ಬರ್ಮಿಂಗ್ಹ್ಯಾಮಿನ ಗ್ರೀನರನಿಗೆ ಸಲ್ಲುತ್ತದೆ. ಅವನು 1874ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಮರುವರ್ಷ ಲಂಡನ್ನಿನಲ್ಲಿ ನಡೆದ ಸಾರ್ವಜನಿಕ ಪರೀಕ್ಷೆಯಲ್ಲಿ ಬಿಗಿಬಾಯಿಯ ಕೋವಿಗಳು ಹಳೆಯ ಕೋವಿಗಳನ್ನು ಹಿಂದೆ ಹಾಕಿದುವು.

ಚೋಕನ್ನು ಅಳೆಯುವ ಕ್ರಮ ಹೀಗಿದೆ: 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಈಡು ಹೊಡೆದು, ಚರೆಗಳು ದಟ್ಟವಾಗಿ ತಗಲಿದ ಕಡೆ 30 ಅಂಗುಲ ವ್ಯಾಸದ ವೃತ್ತವನ್ನೆಳೆದು, ಒಳಗೆ ಬಿದ್ದ ತೂತುಗಳನ್ನು ಎಣಿಸುತ್ತಾರೆ. ಬಿಗಿತವಿಲ್ಲದ ನಳಿಗೆಯಿಂದ ನೂರಕ್ಕೆ ಸುಮಾರು 40 ಚರೆಗಳು ವೃತ್ತದೊಳಗೆ ಬೀಳುತ್ತವೆ. ಅಲ್ಪ ಬಿಗಿತದಿಂದ 50, ಮಧ್ಯಮ ಬಿಗಿತದಿಂದ 60, ಪೂರ್ಣ ಬಿಗಿತದಿಂದ 70. ಈ ಪೂರ್ಣ ಬಿಗಿತವೆಂಬುದು ಕೇವಲ ಒಂದು ಮಿಲಿಮೀಟರಿನಷ್ಟು! ಟರ್ಕಿ ಬೇಟೆಗೆಂದೇ ಮಾಡುವ ಚೋಕಿನಲ್ಲಿ ಅದು ಒಂದೂವರೆ ಮಿಲಿಮೀಟರಿಗೂ ಮೀರುವುದುಂಟು. ಹಿಂದೆ ನಳಿಗೆಯಲ್ಲಿಯೇ ಕೊರೆದಿರುತ್ತಿದ್ದ ಈ ಬಿಗಿತವನ್ನು ಈಗ ತಿರುಪಿನಿಂದ ಹಾಕಿ ತೆಗೆಯುವ ಸಣ್ಣ ಕೊಳವೆಗಳಾಗಿ ಮಾಡುತ್ತಾರೆ.

ತೋಟಾದ ಆಯ್ಕೆ

ಚರೆಗಳಿಗೂ ಸಂಖ್ಯೆಗಳಿವೆ. ಇಲ್ಲಿಯೂ ಸಂಖ್ಯೆ ಹೆಚ್ಚಿದಂತೆ ಚರೆ ಸಣ್ಣದು. ಅಮೆರಿಕದ ಕ್ರಮದಲ್ಲಿ 4ನೆಯ ಸಂಖ್ಯೆಯ ಸೀಸದ ಚರೆ 3.3 ಮಿಲಿಮೀಟರು, ಔನ್ಸಿಗೆ ಸುಮಾರು 135 ತೂಗುತ್ತವೆ. 5ನೆಯ ಸಂಖ್ಯೆಯವು ಸುಮಾರು 170. 6ನೆಯ ಸಂಖ್ಯೆಯವು 2.8 ಮಿಲಿಮೀಟರಿನವು, ಸುಮಾರು 225. ಟರ್ಕಿ ಬೇಟೆಗಾರರು ಬಹುಕಾಲದಿಂದ ಆರಿಸುತ್ತ ಬಂದಿರುವುದು ಈ ಮೂರರೊಳಗೆ ಒಂದನ್ನು. ದಪ್ಪ ಚರೆ ದೂರದವರೆಗೆ ಬಲವನ್ನು ಉಳಿಸಿಕೊಳ್ಳುತ್ತದೆ. ಆದರೆ ಎಣಿಕೆ ಕಡಿಮೆ, ಹಕ್ಕಿಯ ತಲೆ ಎರಡು ಚರೆಗಳ ನಡುವೆ ಉಳಿದುಬಿಡಬಹುದು. ಸಣ್ಣ ಚರೆಗಳ ಎಣಿಕೆ ಹೆಚ್ಚು. ಆದರೆ ಬೇಗ ಬಲಗುಂದಿ ಮೂಳೆಯನ್ನು ಮುರಿಯಲಾರವು. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು.

ಮೇಲ್ತರಗತಿಯ ಮಕ್ಕಳಿಗೆ ಇದು ಒಳ್ಳೆಯ ಲೆಕ್ಕವೂ ಹೌದು. ಒಂದೂವರೆ ಔನ್ಸು 6ನೆಯ ಸಂಖ್ಯೆಯ ಚರೆ ಎಂದರೆ ಸುಮಾರು 337. 30 ಅಂಗುಲ ವ್ಯಾಸದ ವೃತ್ತದ ಕ್ಷೇತ್ರಫಲ ಸುಮಾರು 707 ಚದರ ಅಂಗುಲ. ಬಿಗಿತವಿಲ್ಲದ ನಳಿಗೆಯಿಂದ ನೂರಕ್ಕೆ 40ರಂತೆ 135 ಚರೆಗಳು ಬಿದ್ದರೆ, ಸರಾಸರಿ 5 ಚದರ ಅಂಗುಲಕ್ಕೊಂದು. ಪೂರ್ಣ ಬಿಗಿತದಿಂದ ನೂರಕ್ಕೆ 70ರಂತೆ 236 ಬಿದ್ದರೆ 3 ಚದರ ಅಂಗುಲಕ್ಕೊಂದು. ಕೆಲವೇ ಚದರ ಅಂಗುಲಗಳ ಗುರಿಗೆ ಈ ವ್ಯತ್ಯಾಸವೇ ಹಕ್ಕಿ ತಟ್ಟನೆ ಸಾಯುವುದಕ್ಕೂ ಗಾಯಗೊಂಡು ನರಳುವುದಕ್ಕೂ ಇರುವ ಅಂತರ.

ಬಿಗಿತ ಅತಿಯಾದರೂ ತೊಂದರೆಯೇ. 10-15 ಗಜದಷ್ಟು ಹತ್ತಿರಕ್ಕೆ ಹಕ್ಕಿ ಬಂದಾಗ ಚರೆಗಳ ಗುಂಪು ಇನ್ನೂ ಹರಡಿಕೊಂಡಿರುವುದಿಲ್ಲ. ಕೈ ತುಸು ತಪ್ಪಿದರೂ ಈಡು ಪೂರ್ತಿ ಗಾಳಿಪಾಲು. ಇದಲ್ಲದೆ ಒಂದೇ ಚೋಕು ಬೇರೆ ಬೇರೆ ತೋಟಾಗಳಲ್ಲಿ ಬೇರೆ ಬೇರೆ ಫಲ ಕೊಡುತ್ತದೆ. ಆದುದರಿಂದ ತನ್ನ ಕೋವಿ, ಚೋಕು, ತೋಟಾ ಮೂರನ್ನೂ ಕೂಡಿಸಿ ಕಾಗದದ ಮೇಲೆ ಪರೀಕ್ಷಿಸದೆ ಬೇಟೆಗೆ ಹೋಗಬಾರದೆಂದೂ, ಆ ಪರೀಕ್ಷೆ ತೋರಿಸಿದ ದೂರವನ್ನು ಮೀರಿ ಈಡು ಹೊಡೆಯಬಾರದೆಂದೂ ಬಲ್ಲ ಬೇಟೆಗಾರರು ಹೇಳುತ್ತಾರೆ. ಬಹುಕಾಲದಿಂದ 40 ಗಜವೇ ಆ ಮಿತಿಯೆಂದು ನಡೆದು ಬಂದಿದೆ.

ಹಕ್ಕಿ ಏಕೆ ಮರೆಯಾಯಿತು?

ಇಷ್ಟನ್ನು ಓದಿದವರಿಗೆ, ಈ ಬಿಗಿಬಾಯಿಯ ಕೋವಿಯೇ ಹಕ್ಕಿಯನ್ನು ನಾಶದ ಅಂಚಿಗೆ ತಂದಿರಬೇಕೆಂದು ತೋರುವುದು ಸಹಜ. ನಾನೂ ಹಾಗೆಯೇ ಎಣಿಸಿದ್ದೆನು. ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಕನೆಕ್ಟಿಕಟ್ ಪ್ರಾಂತದಲ್ಲಿ ಕಾಡು ಟರ್ಕಿ 1813ರ ವೇಳೆಗೇ ಇಲ್ಲವಾಯಿತು. ಮ್ಯಾಸಚೂಸೆಟ್ಸ್ ಪ್ರಾಂತದ ಕೊನೆಯ ಹಕ್ಕಿ 1851ರಲ್ಲಿ ಹತವಾಯಿತು. ಪೇಪನು ಹಕ್ಕುಪತ್ರ ಪಡೆದುದು ಅದಕ್ಕೆ 15 ವರ್ಷಗಳ ಅನಂತರ! ಹಾಗಾದರೆ ಅಪರಾಧಿ ಯಾರು?

ಮೊದಲನೆಯ ಕಾರಣ ಕಾಡಿನ ನಾಶ. ವಲಸೆಗಾರರು ಹೊಲಕ್ಕೂ ಮರಮುಟ್ಟಿಗೂ ಕಾಡನ್ನು ಕಡಿದರು. ಕಾಯಿ ಬಿಡುವ ಮರಗಳು ಹೋದುದರಿಂದ ಹಕ್ಕಿಗೆ ಮೇವೂ ಮರೆಯೂ ಇಲ್ಲವಾಯಿತು. ಎರಡನೆಯದು ಮಿತಿಯಿಲ್ಲದ ಬೇಟೆ. ಕಾಳು ಚೆಲ್ಲಿ ಹಿಂಡನ್ನೇ ಮರದ ದಿಮ್ಮಿಗಳ ಬೋನಿಗೆ ಸೆಳೆದು ಹಿಡಿಯುತ್ತಿದ್ದರು; ರಾತ್ರಿ ಕೊಂಬೆಯಲ್ಲಿ ಮಲಗಿದ ಹಕ್ಕಿಗಳನ್ನು ಒಂದೊಂದಾಗಿ ಉರುಳಿಸುತ್ತಿದ್ದರು; ಗಂಡು ಹೆಣ್ಣು ಎಂಬ ಭೇದವಿರಲಿಲ್ಲ, ಮೊಟ್ಟೆಯಿಡುವ ಕಾಲವೆಂಬ ವಿಚಾರವಿರಲಿಲ್ಲ. ಪೇಟೆಯಲ್ಲಿ ಮಾರಾಟಕ್ಕಾಗಿ ಕೊಲ್ಲುವುದು ಕಸುಬಾಯಿತು. ರೈಲು ಬಂದ ಮೇಲೆ ದೂರದ ಕಾಡಿನ ಹಕ್ಕಿಯೂ ನಗರದ ಅಂಗಡಿಗೆ ತಲುಪಿತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡುಬಂದ ಶಿಲೀಂಧ್ರ ರೋಗ ಅಲ್ಲಿಯ ಚೆಸ್ಟ್‌ನಟ್ ಮರಗಳನ್ನೂ ನಿರ್ನಾಮಮಾಡಿ ಹಕ್ಕಿಯ ಇನ್ನೊಂದು ಆಹಾರವನ್ನು ಕಸಿದುಕೊಂಡಿತು. ಒಂದು ಕಾಲಕ್ಕೆ ಲಕ್ಷಗಟ್ಟಲೆಯಾಗಿ ಕಾಡು ತುಂಬಿದ್ದ ಹಕ್ಕಿ 1930ರ ದಶಕದ ಹೊತ್ತಿಗೆ ಹೆಚ್ಚೆಂದರೆ 2 ಲಕ್ಷ ಉಳಿದಿದ್ದಿತೆಂದು ಅಂದಾಜು.

ಕೋವಿಯ ಬಾಯಿಯನ್ನು ಬಿಗಿಗೊಳಿಸುವ ವಿದ್ಯೆ ಮನುಷ್ಯನಿಗೆ 1866ರಲ್ಲಿ ಬಂದಿತು. ತನ್ನ ಆಸೆಯನ್ನು ಬಿಗಿಗೊಳಿಸುವ ವಿದ್ಯೆ ಬರುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

ಮರಳಿ ಬಂದುದು ಹೇಗೆ?

1900ರಲ್ಲಿ ಅಮೆರಿಕದ ಸಂಸತ್ತು, ಒಂದು ಪ್ರಾಂತದಲ್ಲಿ ಕಾನೂನುಬಾಹಿರವಾಗಿ ಕೊಂದ ಪ್ರಾಣಿಪಕ್ಷಿಗಳನ್ನು ಬೇರೆ ಪ್ರಾಂತಕ್ಕೆ ಸಾಗಿಸಿ ಮಾರುವುದನ್ನು ನಿಷೇಧಿಸಿತು. ಲೇಸಿ ಕಾಯಿದೆಯೆಂದು ಪ್ರಸಿದ್ಧವಾದುದು ಇದೇ. 1937ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸಹಿಯೊಡನೆ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಇನ್ನೂ ಮಹತ್ವದ್ದು. ಅದರಂತೆ ಬೇಟೆಯ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣ ವನ್ಯಜೀವಿಗಳ ಪುನರುಜ್ಜೀವನಕ್ಕೇ ಮೀಸಲಾಯಿತು. ಆ ತೆರಿಗೆ ಇಂದು ನೂರಕ್ಕೆ 11. ಹಕ್ಕಿಯನ್ನು ಕೊಲ್ಲಲು ಕೊಂಡ ಪ್ರತಿಯೊಂದು ತೋಟಾವೂ ಹಕ್ಕಿಯನ್ನು ಉಳಿಸಲು ಕಾಣಿಕೆ ಸಲ್ಲಿಸುವಂತಾಯಿತು.

ಮೊದಲು ಮನೆಯಲ್ಲಿ ಮರಿಮಾಡಿಸಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ನರಿಗೂ ಹದ್ದಿಗೂ ಹೆದರಲು ತಾಯಿಯಿಂದ ಕಲಿಯದ ಅವು ಬದುಕಲಿಲ್ಲ. ಕಾಡಿನ ಹಕ್ಕಿಯನ್ನೇ ಜೀವಂತವಾಗಿ ಹಿಡಿದು ಬೇರೆಡೆ ಬಿಡಬೇಕಾಗಿದ್ದಿತು. ಅಷ್ಟು ಎಚ್ಚರದ ಹಕ್ಕಿಯನ್ನು ಹಿಡಿಯುವುದೆಂತು? 1951ರಲ್ಲಿ ದಕ್ಷಿಣ ಕೆರೊಲೈನದ ಕಾಡಿನಲ್ಲಿ ಇದಕ್ಕೆ ಉಪಾಯ ದೊರೆಯಿತು. ಕಾಳು ಚೆಲ್ಲಿದ ಜಾಗದ ಪಕ್ಕದಲ್ಲಿ ದೊಡ್ಡ ಬಲೆಯನ್ನು ಮಡಿಸಿಟ್ಟು, ಹಕ್ಕಿಗಳು ನೆರೆದಾಗ ಸಣ್ಣ ಫಿರಂಗಿಗಳನ್ನು ಹಾರಿಸಿ ಬಲೆಯನ್ನು ಅವುಗಳ ಮೇಲೆ ಎಸೆಯುವ ವಿಧಾನವದು. ಹಳೆಯ ಮದ್ದು ಈಗ ಚರೆಯ ಬದಲು ಬಲೆಯನ್ನು ಹೊತ್ತು ಹಾರಿತು.

ಮ್ಯಾಸಚೂಸೆಟ್ಸಿನಲ್ಲಿ 1972-73ರಲ್ಲಿ ನ್ಯೂಯಾರ್ಕ್ ಪ್ರಾಂತದಿಂದ ತಂದ 37 ಹಕ್ಕಿಗಳನ್ನು ಬಿಟ್ಟರು. ಅವುಗಳ ಸಂತಾನ ಇಂದು 30 ಸಾವಿರಕ್ಕೂ ಮಿಕ್ಕಿದೆ. ಇಡೀ ದೇಶದಲ್ಲಿ 21ನೆಯ ಶತಮಾನದ ಆರಂಭಕ್ಕೆ ಅವುಗಳ ಸಂಖ್ಯೆ 60-70 ಲಕ್ಷಕ್ಕೆ ಏರಿದ್ದಿತು. ಇತ್ತೀಚೆಗೆ ದಕ್ಷಿಣದ ಕೆಲವು ಪ್ರಾಂತಗಳಲ್ಲಿ ಮತ್ತೆ ಇಳಿಮುಖ ಕಾಣುತ್ತಿರುವುದರಿಂದ ಎಚ್ಚರ ತಪ್ಪುವಂತಿಲ್ಲ. ಬೇಟೆಗೆ ಈಗ ಕಟ್ಟುನಿಟ್ಟಿನ ನಿಯಮಗಳಿವೆ. ವಸಂತಕಾಲದ ಬೇಟೆಯಲ್ಲಿ ಗಂಡನ್ನು, ಇಲ್ಲವೆ ಗಡ್ಡವಿರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಎಷ್ಟು ಹಕ್ಕಿ ಎಂಬುದಕ್ಕೆ ಮಿತಿಯಿದೆ. ಹಲವು ಪ್ರಾಂತಗಳಲ್ಲಿ ಯಾವ ಅಳತೆಯ ಚರೆ ಬಳಸಬೇಕೆಂಬುದನ್ನೂ ಕಾನೂನೇ ಹೇಳುತ್ತದೆ.

ಸೀಸದ ವಿಷ

ಕಥೆಯ ಕೊನೆಯ ಅಧ್ಯಾಯ ಇನ್ನೂ ಮುಗಿದಿಲ್ಲ. ಸೀಸ ವಿಷ. ಕೆರೆಯ ತಳದಲ್ಲಿ ಬಿದ್ದ ಚರೆಗಳನ್ನು ಬಾತುಕೋಳಿಗಳು ಕಲ್ಲಿನ ಹರಳೆಂದು ನುಂಗಿ ಸಾಯುತ್ತಿದ್ದುವು. ಗಾಯಗೊಂಡ ಹಕ್ಕಿಗಳನ್ನು ತಿಂದ ಹದ್ದುಗಳೂ ಸಾಯುತ್ತಿದ್ದುವು. ಆದುದರಿಂದ 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧವಾಯಿತು. ಕ್ಯಾಲಿಫೋರ್ನಿಯ ಪ್ರಾಂತವು 2019ರಿಂದ ಎಲ್ಲ ಬಗೆಯ ಬೇಟೆಗೂ ಆ ನಿಷೇಧವನ್ನು ವಿಸ್ತರಿಸಿತು. ಉಕ್ಕಿನ ಚರೆ ಹಗುರ, ಬೇಗ ಬಲಗುಂದುತ್ತದೆ. ಗಡುಸಾದುದರಿಂದ ಅತಿ ಬಿಗಿಯಾದ ಚೋಕಿಗೆ ಹಾನಿಯನ್ನೂ ಮಾಡೀತು. ಈಚಿನ ವರ್ಷಗಳಲ್ಲಿ ಟಂಗ್‌ಸ್ಟನ್ ಲೋಹದ ಚರೆ ಬಂದಿದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಇದರದು 18. ಆದುದರಿಂದ ಕೇವಲ 2 ಮಿಲಿಮೀಟರಿನ 9ನೆಯ ಸಂಖ್ಯೆಯ ಚರೆಯೂ ಮೂಳೆಯನ್ನು ಮುರಿಯಬಲ್ಲದು. ಔನ್ಸಿಗೆ ಸುಮಾರು 360 ಚರೆಗಳು ದೊರೆಯುತ್ತವೆ. ಬೆಲೆ ಮಾತ್ರ ಬಲು ದುಬಾರಿ. ಇದರ ಬಲದಿಂದ 40 ಗಜದ ಹಳೆಯ ಮಿತಿಯನ್ನು ದಾಟುವ ಆಸೆ ಕೆಲವರಲ್ಲಿ ಹುಟ್ಟಿದೆಯೆಂಬುದು ಅಲ್ಲಿಯ ಹಿರಿಯ ಬೇಟೆಗಾರರ ಆತಂಕ. ಸಾಧನ ಬಲಗೊಂಡಾಗಲೆಲ್ಲ ಸಂಯಮದ ಪ್ರಶ್ನೆ ಹೊಸದಾಗಿ ಎದ್ದು ನಿಲ್ಲುತ್ತದೆ.

ನಮ್ಮ ಗುಡ್ಡಬೆಟ್ಟಗಳ ಕಾಡುಕೋಳಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಯುತ್ತಿದೆ. ಅದನ್ನು ಬೇಟೆಯಾಡುವುದು ಅಪರಾಧ. ಆ ದೇಶದವರು ಮಿತಿಯೊಳಗಿನ ಬೇಟೆಯ ದಾರಿಯನ್ನು ಹಿಡಿದರು, ನಾವು ನಿಷೇಧದ ದಾರಿಯನ್ನು ಹಿಡಿದೆವು. ಎರಡೂ ಕಡೆ ಕಾಡು ಉಳಿದಲ್ಲಿ ಮಾತ್ರ ಹಕ್ಕಿ ಉಳಿಯುತ್ತದೆ.

ಓದು ಮುಗಿದ ಮೇಲೆ ತರಗತಿಗೆ ಹೋಗಿ, “ನಾನು ಅಂದು ಹೇಳಿದ್ದು ತಪ್ಪು, ಅದು ಅಮೆರಿಕದ ಹಕ್ಕಿ” ಎಂದು ಆ ಹುಡುಗನಿಗೆ ಹೇಳಿದೆನು. ಮಕ್ಕಳು ನಕ್ಕರು. ಅನಂತರ ಅದೇ ಹುಡುಗನು, “ಹಾಗಾದರೆ ಅದಕ್ಕೆ ನಮ್ಮ ಕಲ್ಲಿಕೋಟೆಯ ಹೆಸರು ಇಟ್ಟವರೂ ನಿಮ್ಮ ಹಾಗೆ ನೋಡದೆಯೇ ಹೇಳಿದರೋ, ಮಾಷ್ಟ್ರೇ?” ಎಂದು ಕೇಳಿದನು. ಹೌದು, ನೋಡದೆಯೇ ಹೇಳಿದರು. ಹೆಸರಿಡುವಾಗ ಆದ ಅವಸರದಿಂದ ಹಕ್ಕಿಗೆ ನಷ್ಟವೇನೂ ಆಗಲಿಲ್ಲ. ಗುರಿಯಿಡುವಾಗ ಆದ ಅವಸರದಿಂದ ಮಾತ್ರ ಅದು ಹಲವು ಕಾಡುಗಳಿಂದ ನೂರು ವರ್ಷಕ್ಕೂ ಮಿಕ್ಕಿ ಮರೆಯಾಗಿದ್ದಿತು. ಈ ಎರಡು ಮಾತುಗಳನ್ನು ನಾನು ಕರಿಹಲಗೆಯ ಮೇಲೆ ಬರೆದೆನು. ಮಕ್ಕಳು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು.